ಯಾರೂ ಕೂರದ ಬಿಳಿ ಸೋಫಾ

ನಾನು ಒಂದು ಸೋಫಾ. ಮೂರು ಜನ ಕೂರುವಷ್ಟು ಉದ್ದ, ಮಾಡಿದಾಗ ಬಿಳಿ ಮಖಮಲ್ಲಿನ ಮೈ, ಸಾಗವಾನಿಯ ಕಾಲು. ಇಷ್ಟು ಕೇಳಿ ನನ್ನನ್ನು ಭಾರಿ ಮನೆತನದ್ದೆಂದು ತಿಳಿಯಬೇಡಿ. ಸಾಗವಾನಿ ಇರುವುದು ಮುಂದಿನ ಎರಡು ಕಾಲಿಗೆ ಮಾತ್ರ. ಆಗ ಒಳಗಿದ್ದ ಚೌಕಟ್ಟು ಯಾವುದೋ ಯಂತ್ರ ತುಂಬಿಕೊಂಡು ಬಂದಿದ್ದ ಪೆಟ್ಟಿಗೆಯ ಹಲಗೆ. ಬೆನ್ನಿನ ಸ್ಪಂಜು ಹಳೆಯ ಹಾಸಿಗೆಗಳಿಂದ ಕಿತ್ತದ್ದು. ಆ ಹಾಸಿಗೆಗಳ ಮೇಲೆ ಯಾರು ಕೆಮ್ಮಿದ್ದರೋ, ಯಾರು ಉಚ್ಚೆ ಹೊಯ್ದಿದ್ದರೋ, ನನಗೂ ಗೊತ್ತಿಲ್ಲ. ಹೊಟ್ಟೆಯ ಕೆಳಗೆ ಗೋಣಿತಟ್ಟು. ಅದರ ಮೇಲೆ ಇನ್ನೂ ಯೂರಿಯಾ ವಾಸನೆ.

ನನ್ನನ್ನು ಮಾಡಿದವನು ಗಂಗಾವತಿಯ ಮೌಲಾಸಾಬ. ಕೊಪ್ಪಳ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವ ಮನುಷ್ಯ. ಅವನು ಮೋಸಗಾರನಲ್ಲ. ಒಳಗೆ ಗಟ್ಟಿ ಕಟ್ಟಿಗೆ ಹಾಕುತ್ತೇನೆಂದು ಅವನೇ ಹೇಳಿದ್ದ. ಕೇಳಿದ್ದು ಯಾರು?

"ಒಳಗ ಯಾರ್ ಬಗ್ಗಿ ನೋಡ್ತಾರ, ಮೌಲಾಸಾಬಣ್ಣ? ಮ್ಯಾಲ ಚಂದ ಕಂಡ್ರ ಸಾಕು" ಎಂದಳು ದಾಕ್ಷಾಯಣಿ.

ದಾಕ್ಷಾಯಣಿ ಎಂದರೆ ಗೊಬ್ಬರದಂಗಡಿ ಪಂಪಣ್ಣನ ಹೆಂಡತಿ. ನನ್ನ ಮೊದಲ ಒಡತಿ.

"ಬಿಳೀ ಅರಬಿ ಬ್ಯಾಡ್ರಿ ಅಕ್ಕಾರ. ನಮ್ಮೂರ ಧೂಳಿಗೆ ಎಂಟ್ ದಿನಕ್ಕ ಕೆಂಪಾಕ್ಕತಿ."

"ಟೀವ್ಯಾಗ ಎಲ್ಲಾರ ಮನ್ಯಾಗೂ ಬಿಳೀನ ಐತಿ. ನೀ ಹಾಕು."

ಮೌಲಾಸಾಬ ಬಿಳಿ ಬಟ್ಟೆಯನ್ನೇ ಹಾಕಿದ. ಸಾಗಿಸುವಾಗ ಕೊಳೆಯಾಗದಿರಲೆಂದು ಮೇಲೆ ದಪ್ಪ ಪ್ಲಾಸ್ಟಿಕ್ ಸುತ್ತಿದ. "ಮನಿಗೆ ಹೋದ ಕೂಡ್ಲೆ ಇದನ್ನ ತಗೀರಿ. ಒಳಗ ಬೆವರತೈತಿ" ಎಂದೂ ಹೇಳಿದ. ದಾಕ್ಷಾಯಣಿ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೆ ಏನು ಹೋಗುತ್ತದೆ!

ನನ್ನನ್ನು ತರಿಸಿದ ಕಾರಣವನ್ನು ಆ ಮನೆಗೆ ಹೋದ ಮೇಲೆ ತಿಳಿದೆ. ಮಗಳು ಅಂಬಿಕಾಳಿಗೆ ಇಪ್ಪತ್ತೇಳು ವರ್ಷ. ಅವಳನ್ನು ನೋಡಲು ಬಂದ ಮೂರು ಕಡೆಯವರು ಚಹಾ ಕುಡಿದು, ಚೂಡಾ ತಿಂದು ಹೋದವರು ತಿರುಗಿ ಹೇಳಿಯೇ ಕಳಿಸಿರಲಿಲ್ಲ. ಮೂರನೆಯ ಸಲ ಬಂದ ಹೆಂಗಸೊಬ್ಬಳು ಕೂರುವ ಮುಂಚೆ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದಳಂತೆ. ದಾಕ್ಷಾಯಣಿಗೆ ಅದೊಂದೇ ಕಣ್ಣಿಗೆ ಕಟ್ಟಿತು. ಹುಡುಗಿಯದೇನೂ ತಪ್ಪಿಲ್ಲ, ಪಡಸಾಲೆಯೇ ಸರಿಯಿಲ್ಲ ಎಂದು ತೀರ್ಮಾನಿಸಿಬಿಟ್ಟಳು. ಆವತ್ತಿನಿಂದ ಪಡಸಾಲೆ ಹೋಗಿ ಹಾಲ್ ಬಂತು.

ಹೊಸಪೇಟೆಯಿಂದ ಒಬ್ಬ ಇಂಟೀರಿಯರ್‌ನವನು ಬಂದ. ಸಣ್ಣ ಗಡ್ಡ, ಬಿಗಿ ಪ್ಯಾಂಟು, ಕೈಯಲ್ಲಿ ಟ್ಯಾಬು. ಅವನು ಏನೇನು ಮಾಡಿದ ಎಂದು ಹೇಳಲು ನನಗೆ ಅಸಹ್ಯವಾಗುತ್ತದೆ. ಒಳ್ಳೆಯ ಎತ್ತರದ ಮಾಳಿಗೆಯ ಕೆಳಗೆ ಇನ್ನೊಂದು ಸುಳ್ಳು ಮಾಳಿಗೆ ಇಳಿಬಿಟ್ಟ. ಅದರೊಳಗೆ ನೀಲಿ, ಗುಲಾಬಿ ದೀಪ. ಹಚ್ಚಿದರೆ ಮನೆಯೋ ಐಸ್‌ಕ್ರೀಮ್ ಅಂಗಡಿಯೋ ತಿಳಿಯದು. ನಾಲ್ಕು ಹೆಜ್ಜೆ ಹೋದರೆ ಬೆಟ್ಟಗಟ್ಟಲೆ ಕಲ್ಲು ಬಿದ್ದಿರುವ ಊರಿನಲ್ಲಿ ಗೋಡೆಗೆ ಕಲ್ಲಿನ ಚಿತ್ರದ ಕಾಗದ ಅಂಟಿಸಿದ. ಮೂಲೆಯಲ್ಲಿ ಬುದ್ಧನ ತಲೆ ತಂದಿಟ್ಟ. ಬರೀ ತಲೆ. ಕಪಾಟಿನಲ್ಲಿ ಸಾಲಾಗಿ ಪುಸ್ತಕ. ತೆಗೆದರೆ ಒಳಗೆ ಹಾಳೆಯೇ ಇಲ್ಲ, ಖಾಲಿ ಡಬ್ಬಿ! ಪಂಪಣ್ಣನ ಅಪ್ಪನ ಫೋಟೊದ ಕಟ್ಟು ಬಣ್ಣಕ್ಕೆ ಹೊಂದುವುದಿಲ್ಲವೆಂದು ಅದನ್ನು ಬಚ್ಚಲಿಗೆ ಹೋಗುವ ದಾರಿಯಲ್ಲಿ ತೂಗುಹಾಕಿದರು. ಹೆತ್ತ ತಂದೆಯ ಮುಖವನ್ನು ಪಂಪಣ್ಣ ದಿನಾ ತಂಬಿಗೆ ಹಿಡಿದುಕೊಂಡು ಹೋಗುವಾಗ ನೋಡುತ್ತಿದ್ದ. ನಾಚಿಕೆಗೆಟ್ಟವನು ಒಂದು ಮಾತು ಆಡಲಿಲ್ಲ.

ಅಂಬಿಕಾಳ ಹೊಲಿಗೆ ಮಶಿನ್ ಆ ಕೋಣೆಯ ಕಿಟಕಿಯ ಬಳಿ ಇತ್ತು. ಓಣಿಯ ಅರ್ಧ ಹೆಂಗಸರ ರವಿಕೆ ಅವಳೇ ಹೊಲಿಯುತ್ತಿದ್ದಳು. ಕಿಟಕಿಯ ಬೆಳಕು ಸೂಜಿಯ ಮೇಲೆ ನೇರ ಬೀಳುತ್ತಿತ್ತು.

"ಇದು ಥೀಮಿಗೆ ಮ್ಯಾಚ್ ಆಗಲ್ಲ ಮೇಡಂ" ಎಂದ ಇಂಟೀರಿಯರ್‌ನವನು.

"ಅವ್ವಾ, ಮಶಿನ್ ಎಲ್ಲಿ ಇಡ್ಲಿ?"

"ಮೆಟ್ಲ ಬುಡಕ ಇಡು."

"ಅಲ್ಲಿ ದಾರಾನ ಕಾಣಂಗಿಲ್ಲ."

"ನಾಕ್ ತಿಂಗ್ಳ ತಡಕೋ. ನಿನ್ನ ಸಲುವಾಗೇ ಅಲ್ಲನು ಇಷ್ಟೆಲ್ಲ ಮಾಡೋದು?"

ಮಶಿನ್ ಮೆಟ್ಟಿಲ ಬುಡಕ್ಕೆ ಹೋಯಿತು. ಕಿಟಕಿಗೆ ಎರಡು ಪದರದ ಪರದೆ ಬಂತು. ಪರದೆಯ ಮುಂದೆ ನಾನು ಬಂದೆ, ಪ್ಲಾಸ್ಟಿಕ್ ಸಮೇತ. ಪ್ಲಾಸ್ಟಿಕ್ ತೆಗೆದರೆ ಹೊಸತನ ಹೋಗುತ್ತದಂತೆ. ಒಂದು ವರ್ಷ ಆ ಮನೆಯಲ್ಲಿದ್ದೆ. ಮನೆಯವರೊಬ್ಬರೂ ನನ್ನ ಮೇಲೆ ಕೂರಲಿಲ್ಲ. ಪಂಪಣ್ಣ ಹಿತ್ತಲ ಕಟ್ಟೆಯ ಮೇಲೆ ಕುಂತು ಉಣ್ಣುತ್ತಿದ್ದ. ದಾಕ್ಷಾಯಣಿ ಅಡುಗೆಮನೆಯ ನೆಲದ ಮೇಲೆ. ಹಾಲ್‌ಗೆ ಬಂದರೆ ಧೂಳು ಒರೆಸಲು ಬರುತ್ತಿದ್ದಳು, ಅದೂ ಬರಿಗಾಲಲ್ಲಿ, ಗುಡಿಯೊಳಗೆ ಬಂದ ಹಾಗೆ. ನನಗೆ ನಗು ಬರುತ್ತಿರಲಿಲ್ಲ, ವಾಕರಿಕೆ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಕಾರಟಗಿಯಿಂದ ನಾಲ್ಕನೆಯ ಕಡೆಯವರು ಬಂದರು. ಹುಡುಗ ಮಹಾಂತೇಶ, ಅವನ ತಾಯಿ ಸಂಗಮ್ಮ, ಜೊತೆಗೆ ಸೋದರಮಾವ. ಮೂವರೂ ನನ್ನ ಮೇಲೆಯೇ ಕೂತರು. ಅಷ್ಟರಲ್ಲಿ ಕರೆಂಟು ಹೋಯಿತು. ಗಂಗಾವತಿಯ ಏಪ್ರಿಲ್ಲು, ದಪ್ಪ ಪ್ಲಾಸ್ಟಿಕ್ಕು, ಮೇಲೆ ಮೂರು ದಪ್ಪ ದೇಹ! ಬೆವರು ಹರಿದು ನನ್ನ ಸಂದುಗಳಲ್ಲಿ ನಿಂತಿತು. ಸೋದರಮಾವ ಸ್ವಲ್ಪ ಅಲುಗಿದರೂ ಪುರ್ರ್ ಎಂದು ಸದ್ದು.

"ನಾ ಅಲ್ರಿ, ಸೋಫಾ" ಎಂದ ಅವನು. ಯಾರೂ ನಗಲಿಲ್ಲ. ಸಂಗಮ್ಮನ ಲಕ್ಷ್ಯ ಬೇರೆ ಕಡೆ ಇತ್ತು. ಅವಳು ನನ್ನ ತೋಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು, ಸಂತೆಯಲ್ಲಿ ಬದನೆಕಾಯಿ ಒತ್ತಿದಂತೆ.

ಅಂಬಿಕಾ ತಟ್ಟೆ ಹಿಡಿದು ಬಂದಳು.

"ಏನ್ ಓದೀಯವ್ವಾ?"

"ಬಿ.ಎ. ರಿ. ಹೊಲಿಗಿನೂ ಮಾಡ್ತೀನ್ರಿ."

"ಹೌದನು" ಎಂದು ಸಂಗಮ್ಮ ಕಣ್ಣನ್ನು ಮಾಳಿಗೆಗೆ ಏರಿಸಿದಳು. "ಈ ಮ್ಯಾಲಿನ ಡಿಜೈನ್ ಯಾರ ಮಾಡಿದ್ರಿ? ಕರೆಂಟ್ ಬಂದ ಮ್ಯಾಲ ಲೈಟ್ ಹಚ್ಚಿ ತೋರಸ್ರಿ ಮತ್ತ. ಮಹಾಂತೇಶಾ, ಆ ಗೋಡೀದು ಒಂದ್ ಫೋಟೊ ತಕ್ಕೋ."

ಮಹಾಂತೇಶ ಎದ್ದ. ಬೆವರಿಗೆ ಅಂಟಿದ್ದ ಪ್ಯಾಂಟು ಪ್ಲಾಸ್ಟಿಕ್‌ನಿಂದ ಚರ್ ಎಂದು ಬಿಟ್ಟಿತು. ಗೋಡೆಯ ಫೋಟೊ ತೆಗೆದ, ಮಾಳಿಗೆಯದು ತೆಗೆದ, ಬುದ್ಧನ ತಲೆಯದು ತೆಗೆದ. ಅಂಬಿಕಾಳದು ತೆಗೆಯಲಿಲ್ಲ. ಅವಳು ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಕೂಡು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಕೂರಲು ಜಾಗ ಎಲ್ಲಿತ್ತು?

ಎರಡೇ ದಿನಕ್ಕೆ ಒಪ್ಪಿಗೆ ಬಂತು, ಜೊತೆಗೆ ಒಂದು ಮಾತು: ನಮ್ಮ ಹಾಲ್ ಕೂಡ ಹೀಗೇ ಆಗಬೇಕು. ಪಂಪಣ್ಣ ಹೂಂ ಎಂದ. ದಾಕ್ಷಾಯಣಿ ದೇವರ ಮುಂದೆ ಕಾಯಿ ಒಡೆದಳು. "ನಾ ಹೇಳಿದ್ನಿಲ್ಲೋ? ಎಲ್ಲಾ ಹಾಲ್ ಸಲುವಾಗೇ ನಿಂತಿತ್ತು" ಎಂದು ಹಿಗ್ಗಿದಳು. ಅವಳು ಹೇಳಿದ್ದು ನಿಜ. ಎಷ್ಟು ನಿಜ ಎಂದು ಅವಳಿಗೇ ತಿಳಿದಿರಲಿಲ್ಲ. ಅವರಿಗೆ ಒಪ್ಪಿಗೆಯಾದದ್ದು ಹಾಲ್. ಹುಡುಗಿ ಅದರ ಜೊತೆಗೆ ಬರುವ ಸಾಮಾನು.

ಮದುವೆಯಾದ ವಾರಕ್ಕೆ ಟೆಂಪೊದಲ್ಲಿ ನಾನು, ಬುದ್ಧನ ತಲೆ, ಖಾಲಿ ಪುಸ್ತಕಗಳು ಕಾರಟಗಿಗೆ ಹೋದೆವು. ಹಗ್ಗದಲ್ಲಿ ಬಿಗಿದ ಮಶಿನ್ ನನ್ನ ಪಕ್ಕದಲ್ಲಿತ್ತು.

ಆ ಮನೆಯ ಎರಡು ವರ್ಷವನ್ನು ನೆನೆದರೆ ಇವತ್ತಿಗೂ ನನ್ನ ಸ್ಪ್ರಿಂಗು ಬಿಗಿಯುತ್ತದೆ. ಪ್ಲಾಸ್ಟಿಕ್ ಎಲ್ಲಿ ಹರಿಯಿತೋ ಅಲ್ಲಿ ಸಂಗಮ್ಮ ಟೇಪು ಅಂಟಿಸಿದಳು. ನನ್ನನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುವುದು ಅಂಬಿಕಾಳ ಪಾಲಿಗೆ ಬಂತು. ಸಂಗಮ್ಮ ನೆಂಟರನ್ನು ಕರೆತಂದು ಹಾಲ್ ತೋರಿಸುತ್ತಿದ್ದಳು. ಸೊಸೆ ಕಪ್ಪುಬಸಿ ಹಿಡಿದು ಬಂದರೆ "ಇಕಿ ಸೊಸಿ" ಎಂದು ಕೊನೆಯಲ್ಲಿ ಸೇರಿಸುತ್ತಿದ್ದಳು. ಮಶಿನ್ ಇಡಲು ಜಾಗ ಕೇಳಿದ್ದಕ್ಕೆ "ಇದೇನ್ ಮನಿಯೋ ದರ್ಜಿ ಅಂಗಡಿಯೋ?" ಎಂದಳು. ಅದು ಮಾಳಿಗೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ಬಿದ್ದಿತ್ತು. ಮಹಾಂತೇಶ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಅಂಥವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಸಿಟ್ಟು.

ಒಂದು ಮಧ್ಯಾಹ್ನ ಅಂಬಿಕಾಳಿಗೆ ಜ್ವರ. ನನ್ನನ್ನು ಒರೆಸುತ್ತಿದ್ದವಳು ಕಣ್ಣು ಕತ್ತಲೆ ಬಂದು ನನ್ನ ಮೇಲೆಯೇ ಒರಗಿದಳು. ಒಳಗಿನಿಂದ ಸಂಗಮ್ಮ ಬಂದಳು.

"ಏಳ ಏಳ! ಸೋಫಾದ ಮ್ಯಾಲ ಮಲಗ್ತಾರನು? ಬೆವರಿನ ವಾಸ್ನಿ ಹತ್ತತೈತಿ."

"ಜ್ವರ ಬಂದಾವ್ರಿ ಅತ್ತಿ."

"ಜ್ವರ ಬಂದ್ರ ಕ್ವಾಣ್ಯಾಗ ಚಾಪಿ ಐತಿ."

ಅಂಬಿಕಾ ಗಂಡನನ್ನು ನೋಡಿದಳು. ಅವನು ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ. "ಒಳಗ ಹೋಗಿ ಮಲಕ್ಕೋ. ಯಾರರ ಬಂದ್ರ ಚಂದ ಕಾಣಂಗಿಲ್ಲ" ಎಂದ.

ಅವಳು ಎದ್ದಳು. ಒಳಗೆ ಹೋಗಿ ಕತ್ತರಿ ತಂದಳು, ಬಟ್ಟೆ ಕತ್ತರಿಸುವ ಉದ್ದನೆಯದು. ನನ್ನ ಎಡ ತೋಳಿನಿಂದ ಬಲ ತೋಳಿನವರೆಗೆ ಪ್ಲಾಸ್ಟಿಕ್ ಸೀಳಿ, ಎರಡೂ ಕೈಯಿಂದ ಎಳೆದು ಕಿತ್ತು ಎಸೆದಳು.

ಆಗ ಬಂತು ನೋಡಿ ವಾಸನೆ! ಮೂರು ವರ್ಷದ ಬೆವರು, ಒದ್ದೆ ಬಟ್ಟೆಯ ನೀರು ಎಲ್ಲವೂ ಒಳಗೇ ಕೊಳೆತು ನನ್ನ ಬಿಳಿ ಮೈಯೆಲ್ಲ ಕರಿ ಬೂಷ್ಟು ಹಿಡಿದಿತ್ತು. ಸತ್ತ ಹೆಗ್ಗಣದ ನಾತ. ಸಂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮಹಾಂತೇಶ ಹೊರಗೆ ಓಡಿದ. ಇಷ್ಟು ದಿನ ಊರಿಗೆಲ್ಲ ತೋರಿಸಿದ ಚೆಲುವು ಇದೇ. ಎಲ್ಲರನ್ನೂ ಹೇಸುತ್ತಿದ್ದ ನಾನು ಆವತ್ತು ನನ್ನನ್ನೇ ಹೇಸಿದೆ. ಅಂಬಿಕಾ ಆ ಬೂಷ್ಟಿನ ಮೇಲೆಯೇ ಕಾಲು ಚಾಚಿ ಮಲಗಿದಳು. ನನ್ನ ಮಖಮಲ್ಲಿಗೆ ಮನುಷ್ಯರ ಮೈ ತಾಗಿದ್ದು ಅದೇ ಮೊದಲು. ಕೆಂಡದಂತೆ ಸುಡುತ್ತಿತ್ತು.

ಸಂಗಮ್ಮ ಆಳುಗಳಿಂದ ನನ್ನನ್ನು ಬೀದಿಗೆ ಎಸೆಸಿದಳು. ಜ್ವರ ಬಿಟ್ಟ ದಿನ ಅಂಬಿಕಾ ಮಾಳಿಗೆಯಿಂದ ಮಶಿನ್ ಇಳಿಸಿಕೊಂಡು ಹೊರಗೆ ಬಂದಳು. "ಹೋಗ್ತಿದ್ರ ಆ ನಾತದ್ದೂ ತಗೊಂಡು ಹೋಗು" ಎಂದಳು ಅತ್ತೆ. "ಹೂಂ ರಿ, ನಂದ ಅದು" ಎಂದಳು ಅಂಬಿಕಾ. ಮಹಾಂತೇಶ ಟೆಂಪೊದವರೆಗೆ ಬಂದ. ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಗಂಗಾವತಿಯ ಮನೆಯ ಮುಂದೆ ಟೆಂಪೊ ನಿಂತಾಗ ದಾಕ್ಷಾಯಣಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಹಿಂದೆ ಹಾಲ್‌ನಲ್ಲಿ ಬೂದು ಬಣ್ಣದ ಹೊಸ ಸೋಫಾ ಕಂಡಿತು. ಅದಕ್ಕೂ ಪ್ಲಾಸ್ಟಿಕ್ಕು.

"ಮಂದಿ ಏನಂತಾರ ಅಂಬೀ? ಎರಡ್ ದಿನ ಇದ್ದು ತಿರುಗಿ ಹೋಗು. ಆ ಹೊಲಸನ್ನ ಒಳಗ ತರಬ್ಯಾಡ."

"ನಾ ಎಲ್ಲಿ ಕುಂದ್ರಲಿ, ಅವ್ವಾ?"

ದಾಕ್ಷಾಯಣಿ ಒಮ್ಮೆ ಹಿಂದೆ ತಿರುಗಿ ಬೂದು ಸೋಫಾ ನೋಡಿದಳು; ಬಾಗಿಲು ಬಿಡಲಿಲ್ಲ. ಅಂಬಿಕಾ ಟೆಂಪೊ ತಿರುಗಿಸಲು ಹೇಳಿದಳು.

ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಈಗ ಎರಡು ವರ್ಷದಿಂದ ಅವಳದೊಂದು ಕೋಣೆ. ಮುಂದೆ ಅಂಗಡಿ, ಹಿಂದೆ ಒಲೆ. ಕಿಟಕಿಯ ಬಳಿ ಮಶಿನ್, ಎದುರು ಗೋಡೆಗೆ ನಾನು. ಮೌಲಾಸಾಬ ಬಂದು ನನ್ನ ಬೂಷ್ಟು ಹಿಡಿದ ಅರಿವೆ, ಸ್ಪಂಜು ಕಿತ್ತು ಹಾಕಿ, ಹೊಸ ನಾರು ತುಂಬಿ, ಗಟ್ಟಿ ಕಂದು ಬಟ್ಟೆ ಬಡಿದ. ಪೆಟ್ಟಿಗೆ ಹಲಗೆಯನ್ನೂ ಬದಲಾಯಿಸಿದ. ಬಡಿಯುವಾಗ ಒಂದೇ ಸಮನೆ ಬೈಯುತ್ತಿದ್ದ. ಯಾರಿಗೆಂದು ಹೆಸರು ಹೇಳಲಿಲ್ಲ.

ಈಗಲಾದರೂ ನಾನು ಸುಖವಾಗಿದ್ದೇನೆ ಎಂದು ಹೇಳಲೇ? ಅಂಥ ಸುಳ್ಳು ನನ್ನಿಂದಾಗದು. ದಿನವಿಡೀ ಹೆಂಗಸರು ಬಂದು ಕೂರುತ್ತಾರೆ. ತಲೆಯ ಎಣ್ಣೆ ನನ್ನ ಬೆನ್ನಿಗೆ ಒರೆಸುತ್ತಾರೆ. ಮಕ್ಕಳು ಸಿಂಬಳದ ಕೈ ಉಜ್ಜುತ್ತವೆ. ಒಬ್ಬಳು ಎಲೆ ಅಡಿಕೆ ಜಗಿದು ಸುಣ್ಣದ ಬೆರಳನ್ನು ನನ್ನ ಸಂದಿಗೇ ಸವರುತ್ತಾಳೆ, ದಿನಾ ಅದೇ ಸಂದಿಗೆ! ಥೂ. ಆದರೆ ಇದು ನನ್ನ ಕೆಲಸದ ಹೊಲಸು. ಪ್ಲಾಸ್ಟಿಕ್ಕಿನ ಕೆಳಗಿನ ಆ ಹೊಲಸಿನ ಹಾಗೆ ಒಳಗೇ ಕೊಳೆಯುವುದಿಲ್ಲ.

ಮೊನ್ನೆ ದಾಕ್ಷಾಯಣಿ ಬಂದಳು. ಬಂದವಳು ಮೊದಲು ಗೋಡೆ ನೋಡಿದಳು, ಪರದೆಯಿಲ್ಲದ ಕಿಟಕಿ ನೋಡಿದಳು.

"ಒಂದ್ ಪರದಿನರ ಹಾಕ್ಬಾರ್ದನು?"

"ಮೊದ್ಲು ಕುಂದ್ರವ್ವಾ."

ನನ್ನ ಅಂಚಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಕೂತಳು. ನನ್ನನ್ನು ಮಾಡಿಸಿದ ಹೆಂಗಸು. ಐದು ವರ್ಷದ ಮೇಲೆ ಮೊದಲ ಸಲ ಕೂತದ್ದು.

"ಸಂಗಮ್ಮ ಹೇಳಿ ಕಳಿಸ್ಯಾಳ. ಹಾಲ್ ಮತ್ತ ಹೊಸದಾಗಿ ಮಾಡ್ಸ್ಯಾರಂತ. ನೀ ಬಂದ್ರ ಏನೂ ಅನ್ನಂಗಿಲ್ಲಂತ."

ಅಂಬಿಕಾ ಮಶಿನ್ ನಿಲ್ಲಿಸಲಿಲ್ಲ. "ಅಲ್ಲಿ ನನ್ನ ಮಶಿನ್ ಎಲ್ಲಿ ಇಡ್ತಾರಂತ ಕೇಳಿದ್ಯಾ?"

"ಕೇಳ್ಲಿಲ್ಲ" ಎಂದಳು ದಾಕ್ಷಾಯಣಿ. ಮತ್ತೆ ಸ್ವಲ್ಪ ಹೊತ್ತಿಗೆ, "ಕೇಳಬೇಕಂತ ನೆಪ್ಪಾಗ್ಲಿಲ್ಲ" ಎಂದಳು.

ಆಮೇಲೆ ಕಾರಟಗಿಯ ಮಾತು ಬರಲಿಲ್ಲ. ಮಶಿನ್ ಸದ್ದು ಒಂದೇ ಸಮ ನಡೆದಿತ್ತು. ದಾಕ್ಷಾಯಣಿ ನಿಧಾನಕ್ಕೆ ಹಿಂದೆ ಸರಿದಳು. ಬೆನ್ನು ಆನಿಸಿದಳು. ತಲೆ ವಾಲಿತು, ಬಾಯಿ ತೆರೆಯಿತು, ಗೊರಕೆ ಬಂತು, ಜೊಲ್ಲು ನನ್ನ ತೋಳಿನ ಮೇಲೆ ಇಳಿಯಿತು.

ಅರ್ಧ ತಾಸಿಗೆ ಗಾಬರಿಯಿಂದ ಎದ್ದು, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿ, ಸೆರಗು ಹಿಡಿದು ಆ ಒದ್ದೆಯನ್ನು ತಿಕ್ಕತೊಡಗಿದಳು. ಐವತ್ತೈದರ ಹೆಂಗಸು. ತಾನೇ ಕೊಂಡ ಸೋಫಾಕ್ಕೆ ಹೆದರುತ್ತಿದ್ದಳು. ನಾನು ಕಂಡ ಎಲ್ಲ ಅಸಹ್ಯಗಳಲ್ಲಿ ದೊಡ್ಡ ಅಸಹ್ಯ ಇದು, ಈ ಹೆದರಿಕೆ.

"ಇರ್ಲಿ ಬಿಡವ್ವಾ, ಒರಸಬ್ಯಾಡ" ಎಂದಳು ಅಂಬಿಕಾ ತಿರುಗಿ ನೋಡದೆ. "ಇನ್ನೊಂದೀಟು ಮಲಕ್ಕೋ."

ದಾಕ್ಷಾಯಣಿ ಕೈ ನಿಲ್ಲಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ಕಾಲನ್ನು ನನ್ನ ಮೇಲೆ ಎಳೆದುಕೊಂಡಳು. ಒಡೆದ ಹಿಮ್ಮಡಿಯ ತುಂಬ ಓಣಿಯ ಕೆಂಪು ಮಣ್ಣು. ಎಲ್ಲವೂ ನನಗೆ ಮೆತ್ತಿತು. ಹೇಸಿಗೆಯಾಯಿತು. ಆಗಲಿ, ಮಲಗಲಿ.