ಇಪ್ಪತ್ತು ವರ್ಷದ ಮೇಲೆ ಮತ್ತೆ ಬೈಕ್ ಹತ್ತಿದ ಬೈಂಡರಣ್ಣ

ಬೈಂಡರಣ್ಣ ಪುಸ್ತಕ ಕಟ್ಟುವವನು. ಹಾಳೆಗಳಿಗೆ ಹೊಲಿಗೆ ಹಾಕಿ, ರಟ್ಟು ಅಂಟಿಸಿ, ಬೆನ್ನಿಗೆ ಬಟ್ಟೆ ಎಳೆದು ಕೂರಿಸುವುದು ಅವನ ಕೆಲಸ. ಅವನು ದುಡಿಯುವ ಮುದ್ರಣಾಲಯ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಬಂದು ಉಂಡು, ಹತ್ತು ನಿಮಿಷ ಅಡ್ಡಾಗಿ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಇಷ್ಟು ಹತ್ತಿರಕ್ಕೆ ಗಾಡಿ ಯಾಕೆಂದು ಇಪ್ಪತ್ತು ವರ್ಷದ ಹಿಂದೆಯೇ ತನ್ನ ಬೈಕನ್ನು ಮಾರಿಬಿಟ್ಟಿದ್ದ.

ಈ ವರ್ಷ ಮುದ್ರಣಾಲಯ ಊರಾಚೆಗೆ ಹೋಯಿತು. ಹದಿಮೂರು ಕಿಲೋಮೀಟರ್ ದೂರ, ಎರಡು ಬಸ್ಸು. ಮೊದಲನೆಯದು ಐದು ನಿಮಿಷ ತಡವಾದರೆ ಎರಡನೆಯದು ಕಣ್ಣೆದುರಿಗೇ ಹೊರಟುಹೋಗುತ್ತಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ತಿಂಗಳಲ್ಲಿ ಆರು ಸಲ ತಡವಾಗಿ ಹೋದ. ಮಾಲೀಕರು ಬೈಯಲಿಲ್ಲ. ಗಡಿಯಾರದ ಕಡೆ ನೋಡಿದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

"ಒಂದು ಬೈಕ್ ತಗೊಂಡುಬಿಡ್ತೀನಿ ಕಣೇ," ಎಂದ ಹೆಂಡತಿಗೆ.

ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ನಲವತ್ತೊಂಬತ್ತಕ್ಕೆ ಬೈಕಾ? ಮೆಟ್ಟಿಲು ಹತ್ತುವಾಗ ಮಂಡಿ ಹಿಡ್ಕೊಳ್ಳೋರು ನೀವು!"

"ಬೈಕಿಗೆ ಮೆಟ್ಟಿಲು ಇರಲ್ಲ."

"ತಮಾಷೆ ಬೇಡ. ಬೈಕಿಂದ ಬಿದ್ದು ಹಲ್ಲು ಉದುರಿಸ್ಕೊಂಡೋರು ನಮ್ಮ ಕ್ಲಿನಿಕ್ಕಿಗೆ ಬರ್ತಾರಲ್ಲ, ಅವರ ಬಾಯಿ ತೊಳೆಯೋಳು ನಾನು. ನಿಮಗೇನು ಗೊತ್ತು?"

"ನಾನು ಓಡಿಸಿದೋನು ಕಣೇ. ಒಂದು ಸಲ ಕಲಿತ ಮೇಲೆ ಅದೆಲ್ಲಿ ಮರೆತುಹೋಗುತ್ತೆ?"

ಎದುರುಮನೆಯ ಟೈಲ್ಸ್ ಮೇಸ್ತ್ರಿ ತನ್ನ ದೊಡ್ಡ ಬೈಕನ್ನು ಮಾರಬೇಕೆಂದಿದ್ದ. ಅಗಲವಾದ ಟ್ಯಾಂಕು, ಎದೆ ನಡುಗಿಸುವ ಸದ್ದು, ತೂಕ ಹತ್ತಿರ ಹತ್ತಿರ ಇನ್ನೂರು ಕಿಲೋ. ಭಾನುವಾರ ಬೆಳಿಗ್ಗೆ ಬೈಂಡರಣ್ಣ ಅದನ್ನು ನೋಡಲು ಹೋದ. ಹೆಂಡತಿಯೂ ಬಂದು ಗೇಟಿನ ಪಕ್ಕ ನಿಂತಳು.

ಬೈಕ್ ಹತ್ತಿದ ಕೂಡಲೇ ಅವನಿಗೆ ಇಪ್ಪತ್ತೈದರ ಹುರುಪು ಬಂದುಬಿಟ್ಟಿತು. ಬೀದಿಯ ತುದಿಯವರೆಗೆ ಹೋದ, ತಿರುಗಿಸಿಕೊಂಡು ಬಂದ. ಎಲ್ಲವೂ ಸರಿಯಾಗೇ ಇತ್ತು. ಮೇಸ್ತ್ರಿಯ ಗೇಟಿನ ಮುಂದೆ ಸ್ವಲ್ಪ ಇಳಿಜಾರು. ಅಲ್ಲಿ ನಿಲ್ಲಿಸಿ ಎಡಗಾಲು ಊರಲು ಹೋದ. ನೆಲ ಸಿಗಲಿಲ್ಲ. ಸಿಕ್ಕಿದ್ದು ಬರೀ ಬೆರಳ ತುದಿಗೆ. ಗಾಡಿ ಮೆಲ್ಲಗೆ ವಾಲಿತು. ಹಿಡಿಯಲು ನೋಡಿದ, ಆಗಲಿಲ್ಲ.

"ದೂರ ಹೋಗೇ!" ಎಂದು ಕೂಗಿದ.

ಹೆಂಡತಿ ಹಾರಿ ಹಿಂದೆ ಸರಿದಳು. ಅವಳು ನಿಂತಿದ್ದ ಜಾಗದ ಪಕ್ಕದಲ್ಲೇ ಇದ್ದ ಹೂಕುಂಡ ಗಾಡಿಯಡಿ ಸಿಕ್ಕಿ ಚೂರಾಯಿತು. ಬೈಂಡರಣ್ಣನ ಕಾಲು ಉಳುಕಿತು. ಮೇಸ್ತ್ರಿ, ಅವನ ಮಗ, ಹಾದುಹೋಗುತ್ತಿದ್ದ ಇನ್ನೊಬ್ಬ ಸೇರಿ ಬೈಕನ್ನು ಎತ್ತಿದರು. ಯಾರೂ ನಗಲಿಲ್ಲ. ಅದರಿಂದಲೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಮೂರು ದಿನ ಕಾಲು ಸ್ಟೂಲಿನ ಮೇಲಿಟ್ಟು ಕೂತ. ಹೆಂಡತಿ ಐಸು ಸುತ್ತಿದ ಬಟ್ಟೆ ಬದಲಿಸುತ್ತಿದ್ದಳು.

ಮೂರನೆಯ ದಿನ ಸಂಜೆ ಅವನ ಅಕ್ಕ ಬಂದಳು. ಅಂಚೆ ಹಂಚುವವಳು. ಎಲ್ಲರೂ ಅಂಚೆಯಕ್ಕ ಅಂತಲೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ಬಿಸಿಲು ಮಳೆ ಎನ್ನದೆ ಬೈಕಿನಲ್ಲೇ ಓಡಾಡುತ್ತಿದ್ದಾಳೆ. ತಮ್ಮನ ಕಾಲನ್ನು ಒತ್ತಿ ನೋಡಿ, "ಮುರಿದಿಲ್ಲ. ನಿನ್ನ ಜಂಬ ಮಾತ್ರ ಮುರಿದಿದೆ," ಎಂದಳು.

"ಸಾಕು ಬಿಡಕ್ಕಾ. ನನ್ನ ಕಾಲ ಮುಗೀತು. ಬಸ್ಸೇ ಗತಿ."

"ಅಬ್ಬ, ಸದ್ಯ!" ಎಂದಳು ಹೆಂಡತಿ.

ಅಂಚೆಯಕ್ಕ ಕುರ್ಚಿ ಎಳೆದುಕೊಂಡಳು. "ನಿನಗೆ ವಯಸ್ಸಾಗಿ ಬಿದ್ದಿದ್ದಲ್ಲ ಕಣೋ. ಪಾದ ಊರೋಕಾಗದ ಗಾಡಿ ಹತ್ತಿದೆ. ಇಪ್ಪತ್ತು ವರ್ಷ ಮುಟ್ಟದೆ ಇದ್ದು, ಒಂದೇ ದಿನಕ್ಕೆ ರಸ್ತೆಗೆ ಇಳಿದೆ. ಇವೆರಡೇ ತಪ್ಪು. ಎರಡನ್ನೂ ಸರಿ ಮಾಡಬಹುದು."

"ಓಡಿಸೋದು ಮರೆತಿರಲಿಲ್ಲವಲ್ಲ? ಬೀದಿ ತುದಿವರೆಗೂ ಹೋಗಿಬಂದೆನಲ್ಲ?"

"ಓಡಿಸೋದು ಮರೆಯಲ್ಲ. ನಿಲ್ಲಿಸೋದು ಮರೆತಿರ್ತೀವಿ. ಆಗ ಈ ರಸ್ತೆಯಲ್ಲಿ ಇಷ್ಟು ಗಾಡಿ ಇತ್ತೇನೋ?"

ಹೆಂಡತಿ ತಡೆಯಲಾರದೆ ಕೇಳಿದಳು. "ಅಕ್ಕಾ, ನಿಜ ಹೇಳಿ. ನೀವು ಬಿದ್ದಿಲ್ವಾ?"

"ಎರಡು ಸಲ. ಒಂದು ಸಲ ರಸ್ತೆ ಮೇಲೆ ಚೆಲ್ಲಿದ್ದ ಮರಳಿನಲ್ಲಿ. ಇನ್ನೊಂದು ಸಲ ನನ್ನದೇ ತಪ್ಪು. ಹಿಂದೆ ತಿರುಗಿ ಯಾರನ್ನೋ ಮಾತಾಡಿಸೋಕೆ ಹೋದೆ. ಭಯ ಬೇಡ ಅಂತ ನಾನು ಹೇಳಲ್ಲಮ್ಮ. ಇರಲಿ, ಸ್ವಲ್ಪ ಭಯ ಒಳ್ಳೇದೇ. ಆದ್ರೆ ಭಯಕ್ಕೆ ಕೂತುಬಿಟ್ರೆ ಹೆಂಗೆ? ಕಲಿಯಬೇಕು."

ಕಾಲು ವಾಸಿಯಾದ ಮೇಲೆ ಅಂಚೆಯಕ್ಕ ತಮ್ಮನನ್ನು ಮೊದಲು ಕರೆದೊಯ್ದದ್ದು ಸಾರಿಗೆ ಕಚೇರಿಗೆ. ಅವನ ಲೈಸೆನ್ಸ್ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಅದನ್ನು ಸರಿಮಾಡಿಸಿಕೊಂಡ ಮೇಲೆಯೇ ಅವಳು ತನ್ನ ಬೈಕಿನ ಕೀಲಿ ಕೊಟ್ಟದ್ದು.

ವಾರದ ಸಂತೆ ನಡೆಯುವ ಮೈದಾನ ಉಳಿದ ದಿನ ಬೆಳಿಗ್ಗೆ ಖಾಲಿ ಇರುತ್ತದೆ. ಮೊದಲ ದಿನ ಅವಳು ಎಂಜಿನ್ ಶುರು ಮಾಡಲೂ ಬಿಡಲಿಲ್ಲ. ಬೈಕನ್ನು ತಳ್ಳಿಕೊಂಡು ನಡೆಸಿದಳು, ಹಿಂದಕ್ಕೆ ಎಳೆಸಿದಳು, ಸ್ಟ್ಯಾಂಡ್ ಹಾಕಿಸಿ ತೆಗೆಸಿದಳು.

"ಇದೇನು ಜಟಕಾ ಎಳೆಯೋ ಕೆಲಸ?" ಎಂದು ಬೆವರೊರೆಸಿಕೊಂಡ ಬೈಂಡರಣ್ಣ.

"ಗಾಡಿ ತೂಕ ಎಷ್ಟು ಅಂತ ನಿನ್ನ ಕೈಗೆ ಗೊತ್ತಾಗ್ಬೇಕು. ಎಳಿ."

ಎರಡನೆಯ ದಿನ ನಿಧಾನವಾಗಿ ಸುತ್ತು ಹೊಡೆಯುವುದು. ಮೂರನೆಯ ದಿನ ಬ್ರೇಕು. ಅಂಚೆಯಕ್ಕ ತನ್ನ ಚಪ್ಪಲಿ ಬಿಚ್ಚಿ ಮೈದಾನದ ನಡುವೆ ಇಟ್ಟಳು.

"ಅದನ್ನು ದಾಟೋಕೆ ಮುಂಚೆ ನಿಲ್ಲಿಸು. ಚಪ್ಪಲಿ ಹರಿದ್ರೆ ನನ್ನನ್ನ ಮನೆವರೆಗೂ ಹೊತ್ಕೊಂಡು ಹೋಗ್ಬೇಕು ನೀನು."

ಅವನು ಹಳೆಯ ಅಭ್ಯಾಸದಂತೆ ಕಾಲಿನ ಬ್ರೇಕು ಮಾತ್ರ ಒತ್ತಿದ. ಹಿಂದಿನ ಚಕ್ರ ಕಿರ್ ಎಂದು ಜಾರಿತು. ಚಪ್ಪಲಿ ದಾಟಿಯೇ ನಿಂತ.

"ಮುಂದಿನ ಬ್ರೇಕ್ ಯಾಕೆ ಹಿಡಿಯಲ್ಲ?"

"ಮುಗ್ಗರಿಸಿಬಿಡುತ್ತೇನೋ ಅಂತ."

"ಎಲ್ಲರೂ ಹಂಗೇ ಅಂದ್ಕೋತಾರೆ. ಗಾಡಿಯನ್ನ ನಿಲ್ಲಿಸೋದು ಹೆಚ್ಚಾಗಿ ಮುಂದಿನದೇ. ಗಬಕ್ಕಂತ ಹಿಡೀಬೇಡ. ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಂಡ್ತಾ ಬಾ. ಹ್ಯಾಂಡಲ್ ನೇರ ಇರಲಿ. ಎರಡೂ ಬ್ರೇಕ್ ಒಟ್ಟಿಗೆ."

ಆ ಹೊತ್ತಿಗೆ ಹೆಂಡತಿ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಮೈದಾನದ ಕಡೆ ಬಂದಿದ್ದಳು. ನೋಡಲು ಬಂದಿಲ್ಲ ಎಂಬಂತೆ ದೂರವೇ ನಿಂತಳು. ಗಂಡ ಮೂರು ಸಲ ಚಪ್ಪಲಿ ದಾಟಿದ. ನಾಲ್ಕನೆಯ ಸಲ ಅದರ ಪಕ್ಕವೇ ನಿಂತ. ಐದನೆಯ ಸಲ ಒಂದು ಮಾರು ಮೊದಲೇ ನಿಂತ. ಅವಳು ಕೈಗಡಿಯಾರ ನೋಡಿಕೊಂಡು ಹೊರಟುಹೋದಳು. ಆದರೆ ಅಂದು ರಾತ್ರಿ ಊಟಕ್ಕೆ ಬಡಿಸುವಾಗ, "ಯಾವ ಗಾಡಿ ನೋಡೋಕೆ ಹೋಗ್ತೀರಿ? ನಾನೂ ಬರ್ತೀನಿ," ಎಂದಳು.

ಹತ್ತು ದಿನದ ಅಭ್ಯಾಸ ಮುಗಿಸಿ ಮೂವರೂ ಶೋರೂಮಿಗೆ ಹೋದರು. ಮಾರಾಟದ ಹುಡುಗಿ ಬಾಗಿಲಲ್ಲೇ ನಿಲ್ಲಿಸಿದ್ದ ಕೆಂಪು ಬೈಕಿನ ಹತ್ತಿರ ಕರೆದೊಯ್ದಳು. ಬೈಂಡರಣ್ಣನ ಕಣ್ಣು ಅದರ ಮೇಲೇ ನೆಟ್ಟಿತು.

"ಕೂತು ನೋಡು," ಎಂದಳು ಅಂಚೆಯಕ್ಕ.

ಕೂತ. ಹಿಮ್ಮಡಿ ನೆಲ ಮುಟ್ಟಲಿಲ್ಲ. ತಾನೇ ಇಳಿದ.

ನಾಲ್ಕು ಗಾಡಿ ಹತ್ತಿ ಇಳಿದ ಮೇಲೆ ಮೂಲೆಯಲ್ಲಿದ್ದ ಬೂದು ಬಣ್ಣದ, ನೂರಿಪ್ಪತ್ತೈದು ಸಿಸಿಯ ಗಾಡಿ ಸಿಕ್ಕಿತು. ನೋಡಲು ಅಂಥ ಚೆಂದವಲ್ಲ. ಆದರೆ ಎರಡೂ ಪಾದ ಹಾಸಿಗೆ ಮೇಲಿಟ್ಟ ಹಾಗೆ ನೆಲದ ಮೇಲೆ ಕೂತವು. ಬೆನ್ನು ನೆಟ್ಟಗಿತ್ತು. ಒಬ್ಬನೇ ಹಿಂದಕ್ಕೆ ತಳ್ಳಿಕೊಂಡು ಸಾಲಿನಿಂದ ಹೊರಗೆ ತಂದ. ಎಬಿಎಸ್ ಇದೆಯೇ ಎಂದು ಅಂಚೆಯಕ್ಕ ಕೇಳಿದಳು. ಇದೆ ಎಂದಳು ಹುಡುಗಿ.

"ಅದೇನಕ್ಕಾ?" ಎಂದಳು ಹೆಂಡತಿ.

"ಗಾಬರಿಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದುಬಿಟ್ರೂ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡ್ಕೊಳ್ಳುತ್ತೆ. ಇದ್ರೆ ಒಳ್ಳೇದು."

ಆಮೇಲೆ ಅವಳು ಕೇಳಿದ್ದೆಲ್ಲ ದಿನನಿತ್ಯದ ವಿಷಯ. ಲೀಟರಿಗೆ ಎಷ್ಟು ದೂರ ಹೋಗುತ್ತದೆ, ಮುದ್ರಣಾಲಯದ ದಾರಿಯಲ್ಲಿ ಇದನ್ನು ರಿಪೇರಿ ಮಾಡುವವರು ಇದ್ದಾರೆಯೇ, ಬಿಡಿಭಾಗ ತಕ್ಷಣ ಸಿಗುತ್ತದೆಯೇ, ಊಟದ ಡಬ್ಬಿ ಮತ್ತು ಮಳೆಕೋಟು ಎಲ್ಲಿಡಬೇಕು.

ಅಷ್ಟರಲ್ಲಿ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಅತ್ತಿತ್ತ ಕೈಯಾಡಿಸಿದಳು. "ಹಿಂದೆ ಕೂತೋಳು ಏನನ್ನ ಹಿಡ್ಕೋಬೇಕಮ್ಮ? ಗಾಳಿನಾ?"

ಹುಡುಗಿ ನಕ್ಕು ಹಿಂಬದಿಯ ಹಿಡಿಕೆ ತೋರಿಸಿದಳು. ಹೆಂಡತಿ ಅದನ್ನು ಎರಡು ಸಲ ಎಳೆದು ನೋಡಿ, ಗಟ್ಟಿಯಿದೆ ಎಂದು ಒಪ್ಪಿದಳು.

ಹೆಲ್ಮೆಟ್ ಆರಿಸುವಾಗ ಮಾತ್ರ ಅವಳು ಯಾರ ಮಾತನ್ನೂ ಕೇಳಲಿಲ್ಲ. ಗಂಡ ಮುಖ ತೆರೆದಿರುವ ಹಗುರದ್ದೊಂದನ್ನು ಎತ್ತಿಕೊಂಡಿದ್ದ.

"ಅದನ್ನಿಡಿ. ಗದ್ದ ಮುಚ್ಚೋದು ಬೇಕು. ಇಂಥದ್ದನ್ನೇ ಹಾಕ್ಕೊಂಡೋರ ದವಡೆಗೆ ತಂತಿ ಕಟ್ಟಿದ್ದನ್ನ ನಾನು ನೋಡಿದೀನಿ." ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ತೊಡಿಸಿ, ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. "ಕೆನ್ನೆ ಒತ್ತುತ್ತಾ?"

"ಒತ್ತುತ್ತೆ."

"ಒತ್ತಲಿ. ಇದೇ ಸರಿ."

ಆ ಬೂದು ಗಾಡಿಯನ್ನೇ ಕೊಂಡು ಐದು ವಾರ ಕಳೆಯಿತು. ಬೈಂಡರಣ್ಣ ಒಂದು ದಿನವೂ ತಡವಾಗಲಿಲ್ಲ. ಒಂದು ಬೆಳಿಗ್ಗೆ ತುಂತುರು ಹನಿ ನಿಂತಿತ್ತಷ್ಟೆ, ರಸ್ತೆ ಒದ್ದೆಯಾಗಿತ್ತು. ಔಷಧಿ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತ್ತು. ಇವನು ಅದರ ಹತ್ತಿರ ಬರುತ್ತಿದ್ದಂತೆ ಚಾಲಕ ಹಿಂದೆ ನೋಡದೆ ಬಾಗಿಲನ್ನು ಪೂರಾ ತೆರೆದುಬಿಟ್ಟ.

ಯೋಚಿಸಲು ಹೊತ್ತೇ ಇರಲಿಲ್ಲ. ಬೆರಳು ಹಿಂಡಿದವು, ಪಾದ ಒತ್ತಿತು, ಹ್ಯಾಂಡಲ್ ನೇರವಾಗೇ ಇತ್ತು. ಗಾಡಿ ಬಾಗಿಲಿನಿಂದ ಒಂದು ಮೊಳದಲ್ಲಿ ನಿಂತಿತು. ಎರಡೂ ಪಾದ ನೆಲದ ಮೇಲಿದ್ದವು.

ಚಾಲಕನ ಮುಖ ಬಿಳುಚಿಕೊಂಡಿತ್ತು. "ನೋಡ್ಲಿಲ್ಲ ಯಜಮಾನ್ರೇ, ತಪ್ಪಾಯ್ತು," ಎಂದ.

ಬೈಂಡರಣ್ಣ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅಂಗಡಿಯ ಮೆಟ್ಟಿಲ ಮೇಲೆ ಕೂತ. ನೀರು ಕುಡಿದ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತಿ ಕೆಲಸಕ್ಕೆ ಹೋದ.

ಸಂಜೆ ಹೆಂಡತಿಗೆ ಹೇಳಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿದ. ಕೊನೆಗೆ ಹೇಳಿದ. ಗಾಡಿ ಮಾರಿಬಿಡಿ ಅನ್ನುತ್ತಾಳೆಂದು ಕಾದ.

ಅವಳು ಸ್ವಲ್ಪ ಹೊತ್ತು ಅವನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ತರಚೂ ಇರಲಿಲ್ಲ.

"ನಾಳೆಯಿಂದ ನಿಂತ ಗಾಡಿಗಳಿಂದ ಇನ್ನೂ ದೂರ ಓಡಿಸಿ," ಎಂದಳು. ಆಮೇಲೆ, "ಕ್ಲಿನಿಕ್ಕು ನಿಮ್ಮ ದಾರಿಯಲ್ಲೇ ಇದೆ. ನನಗೂ ಒಂದು ಹೆಲ್ಮೆಟ್ ತಂದ್ರೆ, ನಾನೂ ಹಿಂದೆ ಕೂತು ಬರ್ತೀನಿ."

ಈಗ ಇಬ್ಬರೂ ಒಟ್ಟಿಗೇ ಹೊರಡುತ್ತಾರೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಎಷ್ಟೋ ಜನ ಒಂದು ಕಾಲದಲ್ಲಿ ಬೈಕ್ ಓಡಿಸಿ ಬಿಟ್ಟವರು ಇರಬಹುದು. ಕೆಲಸಕ್ಕೋ ಮನೆಗೋ ಮತ್ತೆ ಬೈಕ್ ಬೇಕಾಗಿರಬಹುದು. ವಯಸ್ಸಾಯಿತೆಂದು ಹಿಂಜರಿಯಬೇಡಿ. ನನಗೆಲ್ಲ ಗೊತ್ತು ಎಂದು ನೇರ ರಸ್ತೆಗೂ ಇಳಿಯಬೇಡಿ. ಬಲ್ಲವರನ್ನು ಜೊತೆಗೆ ಕರೆದುಕೊಂಡು ಖಾಲಿ ಮೈದಾನದಲ್ಲಿ ಕೆಲವು ದಿನ ನಿಲ್ಲಿಸುವುದನ್ನು ಕಲಿಯಿರಿ. ಬೀದಿಯವರು ತಿರುಗಿ ನೋಡಲಿ ಎಂದು ಗಾಡಿ ಕೊಳ್ಳಬೇಡಿ, ನಿಮ್ಮ ಪಾದ ನೆಲಕ್ಕೆ ಊರುವಂಥದ್ದನ್ನು ಕೊಳ್ಳಿ. ಹಿಂದೆ ಕೂರುವವರನ್ನೂ ಕೇಳಿ ಕೊಳ್ಳಿ. ಹೆಲ್ಮೆಟ್ ಇಬ್ಬರಿಗೂ ಇರಲಿ. ಇವತ್ತೇ ಬೀರು ತೆಗೆದು ನಿಮ್ಮ ಲೈಸೆನ್ಸ್ ಹುಡುಕಿ, ಅದರ ಮೇಲಿನ ತಾರೀಖು ನೋಡಿ. ಅಲ್ಲಿಂದಲೇ ಶುರು ಮಾಡಿ.