ದಿನಾ ಎರಡು ಲೀಟರ್

ನನ್ನ ತಮ್ಮ ಹಣಕಾಸು ಮಂತ್ರಿಯಾದದ್ದು ಒಂದು ಪುಸ್ತಕದ ಬಲದಿಂದ. ಆ ಪುಸ್ತಕ ಹುಟ್ಟಿದ್ದು ನಾನು ಮದುವೆಯಾಗಿ ಬಂದ ಗಿರಣಿ ಬೀದಿಯಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ಕೆಲಸಗಾರರ ಬದುಕಿನ ಸಮೀಕ್ಷೆಗೆಂದು ವಿಶ್ವವಿದ್ಯಾಲಯದಿಂದ ಪ್ರಶ್ನಾವಳಿಗಳ ಕಟ್ಟು ಹೊತ್ತು ಬಂದ. "ಅಕ್ಕ, ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ತಾರೆ. ನೀನೂ ಬಾ" ಅಂದ. ಹೊಲಿಗೆ ಯಂತ್ರ ಮುಚ್ಚಿಟ್ಟು ಹತ್ತು ದಿನ ಅವನನ್ನು ಮನೆಮನೆ ತಿರುಗಿಸಿದೆ. ಬಾಡಿಗೆ ಎಷ್ಟು, ಏನು ತಿಂತೀರಿ, ಮಕ್ಕಳಿಗೆ ಹಾಲು ಕೊಡ್ತೀರಾ. ಬೀದಿಯವರು ಅವನಿಗೆ ಪ್ರಶ್ನೆ ಸಾಹೇಬ ಅಂತ ಹೆಸರಿಟ್ಟರು.

ಎಡವಟ್ಟಾದದ್ದೇ ಅಲ್ಲಿ. ನನ್ನ ಜೊತೆ ಹೋದದ್ದರಿಂದ ಅವನು ಎಲ್ಲರಿಗೂ ನೆಂಟನಾಗಿಬಿಟ್ಟ. ನೆಂಟನ ಮುಂದೆ ಯಾರು ತಾನೇ ಬಡತನ ಬಿಚ್ಚಿಡುತ್ತಾರೆ? ದಿನಾ ಒಂದು ಲೀಟರ್ ಹಾಲು ಅಂದರು. ಮಗು ಕಾಯಿಲೆ ಬಿದ್ದಾಗಷ್ಟೇ ಹಾಲಿನ ಮುಖ ನೋಡುತ್ತಿದ್ದ, ಗಿರಣಿಯ ಬಾಯ್ಲರ್‌ನವನ ಹೆಂಡತಿ, "ಎರಡು ಲೀಟರ್ ಬೇಕು ಸಾರ್, ಮಿಕ್ಕಿದ್ದು ಬೆಕ್ಕಿಗೆ" ಅಂದಳು. ಅವಳ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನೆರೆಯವಳ ಮಾನ ನಾನು ಹೇಗೆ ಕಳೆಯಲಿ?

ಗಿರಣಿ ಕೆಲಸಗಾರರು ನಾವಂದುಕೊಂಡಷ್ಟು ಬಡವರಲ್ಲ ಎಂದು ಅವನು ಬರೆದ. ದೊಡ್ಡವರಿಗೆ ಆ ಮಾತು ಬಲು ರುಚಿಸಿತು. ಬಹುಮಾನ ಬಂತು, ಸಮಿತಿಗಳು ಬಂದವು, ಕೊನೆಗೆ ಕುರ್ಚಿಯೂ ಬಂತು. ಹೋದ ವಾರ ಅದೇ ಪುಸ್ತಕ ಎತ್ತಿ ಹಿಡಿದು, ಗಿರಣಿ ಬೀದಿಗಳ ಅರ್ಧ ಬೆಲೆಯ ಹಾಲಿನ ಕೇಂದ್ರಗಳನ್ನು ಸೋಮವಾರದಿಂದ ಮುಚ್ಚುವುದಾಗಿ ಘೋಷಿಸಿದ. ನಮ್ಮ ಬೀದಿಯ ಮಕ್ಕಳು ಹಾಲು ಅಂತ ಕುಡಿಯುವುದು ಅದೊಂದನ್ನೇ.

ಹೆಂಗಸರೆಲ್ಲ ಸೇರಿ ನನ್ನನ್ನು ಕಳಿಸಿದರು. ಶನಿವಾರ ಅವನ ಕಚೇರಿಯ ಹೊರಗೆ ಮೂರು ಗಂಟೆ ಕೂತೆ. ಒಳಗೆ ಬಿಟ್ಟಾಗ ಪೀಠಿಕೆ ಹಾಕಲಿಲ್ಲ.

"ಲೋ, ನಿನ್ನ ಪುಸ್ತಕ ಸುಳ್ಳು. ಅವತ್ತು ಎಲ್ಲರೂ ಜಂಬಕ್ಕೆ ಹೇಳಿದ್ರು. ನಾನೂ ಸುಮ್ಮನಿದ್ದೆ, ತಪ್ಪು ನಂದೂ ಇದೆ. ಕೇಂದ್ರ ಮುಚ್ಚಬೇಡ."

ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಗೊತ್ತಿತ್ತು ಅಕ್ಕ."

"ಏನು ಗೊತ್ತಿತ್ತು?"

"ನಲವತ್ತು ಮನೇಲಿ ಚಹಾ ಕುಡಿದೆ. ಒಂದು ಮನೇಲೂ ಹಾಲು ಹಾಕಿರಲಿಲ್ಲ."

"ಹಾಗಾದ್ರೆ ಯಾಕೋ ಬರೆದೆ, ಮನೆಹಾಳ?"

"ಅವರು ಹೇಳಿದ್ದನ್ನೇ ಬರೆದೆ. ಹೇಳಿದ್ದನ್ನು ತಿದ್ದೋ ಹಾಗಿಲ್ಲ, ಅದು ನಮ್ಮ ಕೆಲಸದ ನಿಯಮ."

"ನಿಯಮಕ್ಕೆ ಬೆಂಕಿ ಹಾಕು! ಈಗಲಾದ್ರೂ ಹೇಳು."

"ಹೇಳಿದ್ರೆ ಸಂಜೆಯೊಳಗೆ ಈ ಕುರ್ಚೀಲಿ ಬೇರೆಯವನು ಕೂತಿರ್ತಾನೆ. ಅವನೂ ಮುಚ್ಚೇ ಮುಚ್ತಾನೆ. ದುಡ್ಡಿಲ್ಲ ಅಕ್ಕ, ಬೊಕ್ಕಸ ಬರಿದಾಗಿದೆ."

"ಮುಚ್ಚಲಿ! ಅವನು ನಮ್ಮ ಬಾಯಿಂದ ಬಂದ ಮಾತು ತೋರಿಸಿ ಮುಚ್ಚಲ್ಲ."

ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ. ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಮೊಮ್ಮಕ್ಕಳಿಗೆ ನಾನು ಹಾಲು ಕಳಿಸ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದ.

ಆ ಕೆನ್ನೆಗೆ ಬಾರಿಸಬೇಕಿತ್ತು. ಕೈ ಏಳಲಿಲ್ಲ. ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಕೇಂದ್ರದ ಬಾಗಿಲಿಗೆ ಬೀಗ ಬಿದ್ದಿತ್ತು. ಆದರೂ ಹೆಂಗಸರು ಸಾಲು ನಿಂತಿದ್ದರು. ಬಾಯ್ಲರ್‌ನವನ ಹೆಂಡತಿಗೆ ಈಗ ಹಲ್ಲಿಲ್ಲ, ಸೊಂಟದ ಮೇಲೆ ಮೊಮ್ಮಗು. ನನ್ನನ್ನು ಕಂಡವಳೇ ಕೂಗಿದಳು, "ಏನಂದ್ರೇ ನಮ್ಮ ಪ್ರಶ್ನೆ ಸಾಹೇಬ್ರು?"

ನಿಜ ಹೇಳಲೆಂದೇ ಬಾಯಿ ತೆರೆದೆ. "ಸಿಗಲಿಲ್ಲ. ಊರಲ್ಲಿಲ್ಲವಂತೆ" ಅಂತ ಬಂತು.

"ಅದೇ ಮತ್ತೆ!" ಅಂದಳು ಅವಳು, ಎಲ್ಲರ ಕಡೆ ತಿರುಗಿ. "ನಾನು ಹೇಳಲಿಲ್ವಾ? ಅವರು ನಮ್ಮನೇಲಿ ಕೂತು ಚಹಾ ಕುಡಿದೋರು. ನಮ್ಮ ಕಷ್ಟ ಗೊತ್ತಿದ್ರೆ ಹೀಗೆ ಮಾಡ್ತಿದ್ರಾ? ಪಾಪ, ಯಾರೋ ಕೆಳಗಿನೋರ ಕೆಲಸ ಇದು."

ಎಲ್ಲರೂ ಹೌದೌದು ಅಂದರು. ಮತ್ತೆ ಬುಧವಾರ ಹೋಗಿ ಬರಲು ನನ್ನ ಬಸ್ಸಿನ ಖರ್ಚಿಗೆ ಅಲ್ಲೇ ಚಂದಾ ಎತ್ತತೊಡಗಿದರು.