ಬಾಟಲಿ ತೊಳೆಯುವ ಕೈಗಳು

“ಕಣ್ಣೇನು ಕುರುಡಾ, ಲೌಡಿ? ತಳದಲ್ಲಿ ಗಸಿ ಹಾಗೇ ಇದೆ. ನಿಮ್ಮಪ್ಪ ಬಂದು ನೆಕ್ತಾನಾ?”

ಮೇಸ್ತ್ರಿ ಬಾಟಲಿಯ ತಳದಿಂದ ದೊಡ್ಡಕ್ಕನ ಹಣೆಗೆ ಕುಟ್ಟಿದ. ಅವಳು ಹಣೆ ಉಜ್ಜಿಕೊಳ್ಳಲಿಲ್ಲ. ಕಾಸ್ಟಿಕ್ ಸೋಡಾದ ನೀರು ಮೆತ್ತಿದ ಕೈ ಕಣ್ಣಿಗೆ ತಾಗಿದರೆ ಕಣ್ಣೇ ಹೋಗುತ್ತದೆ. ಸುಡುವ ಸೋಡಾ ತೊಟ್ಟಿಯಿಂದ ಇಕ್ಕಳದಲ್ಲಿ ಬಾಟಲಿ ಎತ್ತಿ, ಲೇಬಲ್ ಕೆರೆದು, ಗಿರಗಿರ ತಿರುಗುವ ಬ್ರಷ್ಷಿಗೆ ಕೊಟ್ಟು, ಕ್ರೇಟಿಗೆ ಇಳಿಸುವುದು ಆ ಶೆಡ್ಡಿನ ಹೆಂಗಸರ ಕೆಲಸ. ಒಡೆದರೆ ರಬ್ಬರ್ ಪೈಪಿನ ಏಟು. ಹೋದ ತಿಂಗಳು ಆ ಪೈಪು ದೊಡ್ಡಕ್ಕನ ತಂಗಿಯ ಕಿವಿಯ ಮೇಲೆ ಬಿದ್ದು, ಬಳಬಳ ರಕ್ತ ಸುರಿದು, ಆ ಕಡೆಯ ಲೋಕವೇ ಅವಳಿಗೆ ಮೂಕವಾಯಿತು. ಅಕ್ಕ ತಂಗಿ ಠಾಣೆಗೆ ಹೋದರು. ಅಲ್ಲಿದ್ದವನು ಕಾಲ ಮೇಲೆ ಕಾಲು ಹಾಕಿಕೊಂಡು, ಕಣ್ಣಾರೆ ಕಂಡವರು ಯಾರು, ಸಾಕ್ಷಿ ಎಲ್ಲಿ ಎಂದು ಕೇಳಿ ಓಡಿಸಿದ. ಕಂಡವರೆಲ್ಲರ ಬಾಯಿಗೂ ಹೊಟ್ಟೆಯೇ ಬೀಗ ಹಾಕಿತ್ತು.

ಗೇಟಿನಲ್ಲಿ ಕಾರಿನ ಸದ್ದಾಯಿತು. ಮೇಸ್ತ್ರಿ ಪೈಪನ್ನು ಮೋಟಾರಿನ ಹಿಂದೆ ತೂರಿಸಿದ.

ಬಂದವನು ಫೋಟೋ ತೆಗೆಯುವವನು. ಧಣಿಯ ಒಪ್ಪಿಗೆ ಪಡೆದು ಬಂದಿದ್ದ. ಸಾಮಾನ್ಯ ಜನರ ದಿನನಿತ್ಯದ ಬದುಕು ಹಿಡಿದು ಪುಸ್ತಕ ಮಾಡುತ್ತಾನಂತೆ. ಒಳ್ಳೆಯ ಮಾತಿನವನು. ಎಲ್ಲರನ್ನೂ ಅಮ್ಮಾ ಎಂದ. ತಾನು ಇಲ್ಲಿಲ್ಲ ಅಂದುಕೊಂಡು ದಿನಾ ಹೇಗೋ ಹಾಗೇ ಇರಿ ಎಂದ. ದೊಡ್ಡಕ್ಕನ ಬಿಳಿಚಿ ಸಿಪ್ಪೆ ಎದ್ದ ಕೈಗಳ ಮುಂದೆ ಮಂಡಿಯೂರಿ, ಎಂಥಾ ಕೈ ಎಂದು ಉಸಿರೆಳೆದುಕೊಂಡ. ಅಷ್ಟೊಂದು ಆಸೆಪಡ್ತಾನಲ್ಲ, ಕೈ ಕಳಚಿ ಕೊಟ್ಬಿಡಕ್ಕಾ ಎಂದು ಪಕ್ಕದವಳು ಪಿಸುಗುಟ್ಟಿದಳು.

ಮೇಸ್ತ್ರಿ ಬೆಣ್ಣೆಯಾಗಿದ್ದ. ನಿಧಾನ ಮಾಡಿ ತಾಯಿ, ನಿಧಾನ ಎನ್ನುತ್ತಿದ್ದ. ದೊಡ್ಡಕ್ಕನಿಗೆ ಫಕ್ಕನೆ ಹೊಳೆಯಿತು. ಠಾಣೆಯವನು ಕೇಳಿದ ಸಾಕ್ಷಿ ಈ ಮನುಷ್ಯನ ಕತ್ತಿಗೆ ಜೋತುಬಿದ್ದು ತಾನಾಗಿಯೇ ಒಳಗೆ ಬಂದಿದೆ.

“ಸಾರ್, ದಿನದ ಹಾಗೇ ಇರಿ ಅಂದ್ರಲ್ಲ. ದಿನಾ ಇವ್ನು ನಮ್ಮನ್ನ ಹೊಡೀತಾನೆ. ಅದನ್ನೂ ತೆಗೀರಿ.”

ಮೇಸ್ತ್ರಿ ಹಲ್ಲು ಕಿರಿದ. “ತಮಾಷೆ ಸಾರ್. ಬಾಯಿ ಜಾಸ್ತಿ ಇವಳಿಗೆ.”

ದೊಡ್ಡಕ್ಕ ಒಂದು ಬಾಟಲಿ ಎತ್ತಿ ಅವನ ಕಾಲ ಬುಡಕ್ಕೆ ಬಿಟ್ಟಳು. ಅವನ ನಗು ನಿಂತಿತು. ಇನ್ನೊಂದು ಬಿಟ್ಟಳು. ಆಮೇಲೆ ತುಂಬಿದ ಕ್ರೇಟನ್ನೇ ಒದ್ದು ಉರುಳಿಸಿದಳು. ಗಾಜು ಶೆಡ್ಡಿನ ತುಂಬ ಸಿಡಿಯಿತು.

“ಸೂಳೆ ಮುಂಡೆ, ನಿನ್ನವ್ವನ...”

ಪೈಪು ಹೊರಬಂತು. ಮೊದಲ ಏಟಿಗೆ ಅವಳ ತುಟಿ ಸೀಳಿತು. ಮುಂದಿನದಕ್ಕೆ ಮಂಡಿ ಗಾಜಿನ ಮೇಲೆ ಕುಸಿಯಿತು. ನೋವಿನ ಕಡೆ ಅವಳ ಗಮನವೇ ಇರಲಿಲ್ಲ, ಕಿವಿಯೆಲ್ಲ ಕ್ಯಾಮೆರಾದ ಸದ್ದಿಗೆ ಕಾದಿತ್ತು. ಸದ್ದು ಬರಲಿಲ್ಲ. ಕತ್ತೆತ್ತಿ ನೋಡಿದಳು. ಫೋಟೋದವನು ಕ್ಯಾಮೆರಾದ ಮೂತಿಗೆ ಮುಚ್ಚಳ ಹಾಕುತ್ತಿದ್ದ.

“ಇದು ಬೇಡಮ್ಮ,” ಎಂದ. “ಇಂಥದ್ದೆಲ್ಲ ತೆಗೆಯೋದಿಲ್ಲ ಅಂತ ಧಣಿಗೆ ಮಾತು ಕೊಟ್ಟಿದೀನಿ.”

ಪೈಪು ಮತ್ತೆ ಮೇಲೆದ್ದಿತು. ಇಳಿಯಲಿಲ್ಲ. ತಂಗಿ ಹಿಂದಿನಿಂದ ಅದರ ತುದಿ ಹಿಡಿದು ಜಗ್ಗುತ್ತಿದ್ದಳು. ಪಕ್ಕದವಳು ಮೇಸ್ತ್ರಿಯ ಕಾಲರ್ ಹಿಡಿದಳು. ಬ್ರಷ್ಷಿನ ಮುಂದಿದ್ದವಳು ಅವನ ಸೊಂಟಕ್ಕೆ ಜೋತುಬಿದ್ದಳು. ದೊಡ್ಡಕ್ಕ ಎದ್ದು, ಅವನ ಬಲಗೈಯ ಮಣಿಕಟ್ಟು ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಸೋಡಾ ತೊಟ್ಟಿಗೆ ಅದ್ದಿದಳು. ಹಿಡಿದ ಅವಳ ಕೈಯೂ ಮುಳುಗಿತು.

ಅವನು ಕಿರುಚಿದ ರಭಸಕ್ಕೆ ಮೋಟಾರಿನ ಸದ್ದೇ ಅಡಗಿತು. ಆ ಕಿರುಚಾಟದ ನಡುವೆ ಅವಳಿಗೆ ಕೇಳಿಸಿತು. ಚಕ್. ಚಕ್. ಚಕ್. ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಫೋಟೋದವನು ಬಾಗಿ ನಿಂತು ಒಂದೇ ಸಮನೆ ತೆಗೆಯುತ್ತಿದ್ದ.

ಪಕ್ಕದವಳು ತೋಳಿನಿಂದ ಮುಖ ಮರೆಮಾಡಿಕೊಂಡಳು. “ಆ ಫೋಟೋ ಠಾಣೆಗೆ ಹೋಗುತ್ತೆ ಕಣಕ್ಕಾ. ಬಿಟ್ಬಿಡು.”

ದೊಡ್ಡಕ್ಕ ಬಿಡಲಿಲ್ಲ. ಬಾಯಲ್ಲಿ ತುಂಬಿದ ರಕ್ತ ಉಗಿದಳು. ಖಾಲಿಯಿದ್ದ ಕೈಯಿಂದ ತಂಗಿಯನ್ನು ಪಕ್ಕಕ್ಕೆಳೆದು, ಅವಳ ಕೂದಲು ಹಿಂದಕ್ಕೆ ಸರಿಸಿದಳು.

“ಹತ್ರ ಬಾರೋ,” ಎಂದಳು. “ಇವಳ ಕಿವೀನೂ ಬರ್ಲಿ.”